ಎರೆಮಣ್ಣಿನ ತೀರ್ಥ

ಆ ಕಾಗದ ಬಂದಾಗ ನಾನು ಹಿತ್ತಿಲ ಜಗಲಿಯಲ್ಲಿ ಕೂತು ಮುತ್ತುಗದ ಎಲೆ ಹಚ್ಚುತ್ತಿದ್ದೆ. ಕಾರ್ತಿಕದ ಸಂತರ್ಪಣೆಗೆ ಊಟದೆಲೆ ಹಚ್ಚಿಕೊಡುತ್ತೇನೆಂದು ಗುಡ್ಡದ ದೇವಸ್ಥಾನದವರಿಗೆ ಹೇಳಿದ್ದೆ. ಒಣಗಿದ ಎಲೆಗೆ ನೀರು ಚಿಮುಕಿಸಿ, ಮೆತ್ತಗಾದ ಮೇಲೆ ಒಂದರ ಅಂಚಿನ ಮೇಲೆ ಇನ್ನೊಂದನ್ನು ಇಟ್ಟು ಕಡ್ಡಿ ಚುಚ್ಚಬೇಕು. ಒಂದು ವಾರದಿಂದ ಜಡಿಮಳೆ ಹಿಡಿದಿತ್ತು. ಆ ದಿನ ನೀರು ಚಿಮುಕಿಸುವ ಅಗತ್ಯವೇ ಇರಲಿಲ್ಲ, ಗಾಳಿಯೇ ಎಲೆಯನ್ನು ಮೆತ್ತಗೆ ಮಾಡಿತ್ತು. ಅದೊಂದು ಉಪಕಾರ ಎಂದುಕೊಳ್ಳುತ್ತಿದ್ದೆ.

ಯಜಮಾನರು ಬಾಗಿಲಲ್ಲಿ ನಿಂತು ಕಾರ್ಡು ಓದಿಕೊಂಡರು.

"ಬೀಗರದ್ದು ಕಣೇ. ಮುಂದಿನ ಗುರುವಾರ ಬರ್ತಾರಂತೆ. ಮಗಳನ್ನ ಕರ್ಕೊಂಡು ಹೋಗ್ತಾರಂತೆ."

"ದೀಪಾವಳಿ ಈಗ ತಾನೇ ಮುಗೀತು. ಈಗ್ಯಾಕಂತೆ?"

"ಯಾರೋ ಹೋಗಿ ಹೇಳಿದಾರೆ. ಹುಡುಗಿ ಸೊರಗಿದಾಳೆ, ಬೆಂಗಳೂರು ನೀರು ಒಗ್ಗಿಲ್ಲ ಅಂತ."

ಕಡ್ಡಿ ನನ್ನ ಬೆರಳಿಗೆ ಚುಚ್ಚಿತು. ನೋವಾದದ್ದು ಆಮೇಲೆ ಗೊತ್ತಾಯಿತು.

ನನ್ನ ಸೊಸೆ ಬಳ್ಳಾರಿಯಿಂದ ಆಚೆ, ಎರೆಭೂಮಿಯ ಊರಿನವಳು. ಎರೆ ಎಂದರೆ ಕಪ್ಪು ಮಣ್ಣು. ಯಜಮಾನರ ಸೋದರತ್ತೆಯನ್ನು ಆ ಕಡೆಗೆ ಕೊಟ್ಟಿತ್ತು; ಅವರೇ ನೋಡಿ ಕುದುರಿಸಿದ ಸಂಬಂಧ. ಹುಡುಗಿಯನ್ನು ಮನೆ ತುಂಬಿಸಿಕೊಂಡು ಐದು ತಿಂಗಳಾಗಿತ್ತು. ಪ್ಲೇಗಿನ ಕಾಲದಲ್ಲಿ ಪೇಟೆ ಬಿಟ್ಟು ಬಸವನಗುಡಿಗೆ ಬಂದಾಗಿನಿಂದ ನಮ್ಮ ಮನೆಗೆ ಬಂದ ಮೊದಲ ಸೊಸೆ ಅವಳು. ಬಂದಾಗ ಗುಂಡುಗುಂಡಾಗಿದ್ದಳು. ಮಾತು, ನಗು. ಒಂದು ದಿನ ಅವಳಿಗೆ ಪ್ರೀತಿಯೆಂದು ತರಗುಪೇಟೆಯಿಂದ ಜೋಳ ತರಿಸಿ, ಬೀಸಿ, ನಾನೇ ರೊಟ್ಟಿ ತಟ್ಟಲು ಹೋದೆ. ಅದು ನಾಲ್ಕೂ ಕಡೆ ಸೀಳಿತು. ಹುಡುಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಅತ್ತಿ, ಇದು ರೊಟ್ಟಿ ಆಗಿಲ್ಲರಿ. ಕಾಕಾ ಅವರ ಭೂಪಟ ಆಗೇದ" ಎಂದಳು. ಕಾಕಾ ಎಂದರೆ ನನ್ನ ಮೈದುನ, ಹೈಸ್ಕೂಲಿನಲ್ಲಿ ಭೂಗೋಳ ಹೇಳುವ ಮೇಷ್ಟ್ರು. ಅವನು ಅಡುಗೆಮನೆಯ ಹೊಸಿಲಲ್ಲಿ ನಿಂತು, "ಇದು ಆಫ್ರಿಕ. ಇದು ಸಿಂಹಳ" ಎಂದು ಚೂರುಗಳನ್ನು ತೋರಿಸಿ ಎಲ್ಲರನ್ನೂ ನಗಿಸಿದ.

ಆ ನಗು ಆಶ್ವಯುಜ ದಾಟಲಿಲ್ಲ. ಮಳೆ ಹಿಡಿಯಿತು, ಚಳಿ ಬಂತು. ಅವಳು ತಟ್ಟೆಯಲ್ಲಿ ಅನ್ನ ಬಿಡತೊಡಗಿದಳು. "ಭಾಳ ಥಂಡಿ ಅದರಿ ಅತ್ತಿ" ಎನ್ನುವಳು. ನಮಗೆ ಅದು ಚಳಿಯೇ ಅಲ್ಲ. ಬಿಸಿಲು ಒಂದು ಗೇಣು ಬಿದ್ದರೂ ಅಲ್ಲಿಗೆ ಮಣೆ ಎಳೆದುಕೊಂಡು ಕೂರುವಳು. ಪಕ್ಕದ ಮನೆಯಾಕೆ ಬೇಲಿಯ ಮೇಲಿಂದ, "ಏನ್ರೀ, ನಿಮ್ಮ ಸೊಸೆ ಬಿಸಿಲು ಎತ್ತ ಹೋದ್ರೆ ಅತ್ತ ಹೋಗ್ತಾಳಲ್ಲ, ಥೇಟ್ ನಮ್ಮನೆ ಬೆಕ್ಕು!" ಎಂದರು. ನಾನೂ ನಕ್ಕೆ. ನಗಬಾರದಿತ್ತು.

ಕಾರ್ಡು ಕಂಡು ನಾನೇಕೆ ಹೆದರಿದೆನೆಂದು ಹೇಳಬೇಕು. ಎರಡು ವರ್ಷದ ಹಿಂದೆ ಚಾಮರಾಜಪೇಟೆಯಲ್ಲಿ ನಮಗೆ ಗೊತ್ತಿದ್ದವರ ಮನೆಯ ಸೊಸೆ ಹೀಗೆಯೇ ತವರಿಗೆ ಹೋದಳು. ನೀರು ಒಗ್ಗಲಿಲ್ಲ, ನಾಲ್ಕು ದಿನ ಇದ್ದು ಬರಲಿ ಎಂದರು. ನಾಲ್ಕು ದಿನ ನಾಲ್ಕು ತಿಂಗಳಾಯಿತು. ವರ್ಷ ತಿರುಗುವುದರೊಳಗೆ ಗಂಡಿಗೆ ಬೇರೆ ಹೆಣ್ಣು ತಂದರು. ಆ ಹುಡುಗಿ ತವರಿನಲ್ಲಿಯೇ ಉಳಿದಳು, ಈತನಕವೂ ಹಾಗೇ. ನನ್ನ ಸೊಸೆಗೂ ಹಾಗಾಗಬಾರದು. ನಾಳೆ ಜನ ನನ್ನನ್ನು ಏನೆಂದಾರು ಎನ್ನುವುದೂ ಮನಸ್ಸಿನಲ್ಲಿ ಇತ್ತು. ಇಲ್ಲ ಎಂದರೆ ಸುಳ್ಳಾಗುತ್ತದೆ. ಬೀಗರು ಬರಲು ಎಂಟು ದಿನ. ಅಷ್ಟರಲ್ಲಿ ಹುಡುಗಿಗೆ ನೀರು ಒಗ್ಗಿ ಮುಖದಲ್ಲಿ ಸ್ವಲ್ಪ ಕಳೆ ಬರಬೇಕು. ಅದೊಂದೇ ನನ್ನ ತಲೆಯಲ್ಲಿ ನಿಂತಿತು.

ನಮ್ಮಜ್ಜಿ ಒಂದು ಪದ್ಧತಿ ಹೇಳುತ್ತಿದ್ದರು. ಹೊಸ ಊರಿನ ನೀರು ಒಗ್ಗದವರಿಗೆ ಹುಟ್ಟಿದೂರಿನ ಮಣ್ಣನ್ನು ಚಿಟಿಕೆಯಷ್ಟು ನೀರಿಗೆ ಹಾಕಿ, ತಿಳಿಯಾದ ಮೇಲೆ ಬರಿಹೊಟ್ಟೆಗೆ ಕುಡಿಸಬೇಕು. ಆಗ ಹಳೇ ಮಣ್ಣು ಹೊಸ ನೀರನ್ನು ಮೈಗೆ ಪರಿಚಯ ಮಾಡಿಕೊಡುತ್ತದೆ. ಕೋಲಾರದ ಕಡೆಯಿಂದ ನಾನು ಈ ಊರಿಗೆ ಬಂದಾಗ ನನ್ನ ಮಡಿಲಕ್ಕಿಯ ಜೊತೆ ಅಮ್ಮ ಒಂದು ಪುಟ್ಟ ಗಂಟು ಕೆಮ್ಮಣ್ಣು ಇಟ್ಟಿದ್ದರು. ಅಲ್ಲಿಯ ಮಣ್ಣೂ ಕೆಂಪು, ಇಲ್ಲಿಯದೂ ಕೆಂಪು. ನನಗೆ ಒಗ್ಗದೆ ಇನ್ನೇನು? ಆದರೆ ಆಗ ಆ ಲೆಕ್ಕ ಹೊಳೆಯಲಿಲ್ಲ.

ಸೊಸೆಯ ಊರಿನ ಮಣ್ಣು ಎಂಟು ದಿನದಲ್ಲಿ ಎಲ್ಲಿಂದ ತರಿಸುವುದು? ತರಿಸಬೇಕಾಗಿರಲಿಲ್ಲ. ಅದು ನಮ್ಮ ಮುಂಭಾಗದ ಜಗಲಿಯಲ್ಲೇ ಇತ್ತು.

ಮೈದುನ ತನ್ನ ಹುಡುಗರಿಗೆ ತೋರಿಸಲೆಂದು ಸೂರಿನಡಿ ಮೂರು ಕುಂಡ ಇಟ್ಟಿದ್ದ. ಒಂದರಲ್ಲಿ ನಮ್ಮ ಕೆಮ್ಮಣ್ಣು, ಒಂದರಲ್ಲಿ ಮರಳು, ಒಂದರಲ್ಲಿ ಎರೆಮಣ್ಣು. ಮೂರಕ್ಕೂ ಜೋಳ ಬಿತ್ತಿದ್ದ. ಎರೆಮಣ್ಣನ್ನು ಜೊತೆಯ ಮೇಷ್ಟ್ರೊಬ್ಬರು "ಆ ಕಡೆ"ಯಿಂದ ತಂದುಕೊಟ್ಟರೆಂದು ಹೇಳಿದ್ದ. ನನಗೆ ಆ ಕಡೆ ಎಂದರೆ ಸೊಸೆಯ ಕಡೆ.

ಪಾಠ ಹೇಳುವ ಮುಂಚೆ ಅವನು ನನ್ನ ಮುಂದೆ ಒಮ್ಮೆ ಒಪ್ಪಿಸುವುದಿತ್ತು.

"ಅತ್ತಿಗೆ, ನೀವೇ ನನ್ನ ಕ್ಲಾಸು ಅಂದ್ಕೊಳ್ಳಿ."

"ಸರಿ ಮೇಷ್ಟ್ರೇ. ಹೊಡೀಬೇಡಿ ಮಾತ್ರ."

"ಭೂಮಿ ಮೇಲೆ ಒಂದ್ಕಡೆ ಬರೀ ಮರಳು. ಒಂದ್ಕಡೆ ಹಗಲಲ್ಲೂ ಬೆಳಕು ಬೀಳದಷ್ಟು ಕಾಡು. ಇನ್ನೊಂದ್ಕಡೆ ಮರವೇ ಇಲ್ಲ, ಕಣ್ಣು ಹೋಗೋಷ್ಟು ದೂರ ಹುಲ್ಲು. ಉತ್ತರದ ತುದೀಲಿ ನೆಲ ಹೆಪ್ಪುಗಟ್ಟಿರುತ್ತೆ, ಪಾಚಿ ಬಿಟ್ರೆ ಏನೂ ಇಲ್ಲ. ಯಾಕೆ?"

"ಭಗವಂತನ ಇಚ್ಛೆ."

"ಅದು ಸರೀನೇ. ಆದ್ರೆ ಪರೀಕ್ಷೇಲಿ ಹಾಗೆ ಬರೆದ್ರೆ ಸೊನ್ನೆ ಕೊಡ್ತಾರೆ." ಬೆರಳು ಮಡಚುತ್ತ ಹೇಳಿದ: ಶಾಖ, ಮಳೆ, ಬಿಸಿಲು, ಗಾಳಿ, ಸಮುದ್ರದಿಂದ ಎಷ್ಟು ಎತ್ತರ, ಮಣ್ಣು. "ನಾವು ಮೂರು ಸಾವಿರ ಅಡಿ ಮೇಲಿದೀವಿ. ನಿಮ್ಮ ಸೊಸೆ ಊರು ಅದರ ಅರ್ಧ. ಅದಕ್ಕೇ ಅಲ್ಲಿ ಬೇರೆ ಬೆಳೆ, ಬೇರೆ ಊಟ, ಬೇರೆ ಮೈ."

ಆರು ಬೆರಳಿನ ಮಾತಿನಲ್ಲಿ ನನ್ನ ಕಿವಿಯಲ್ಲಿ ಉಳಿದದ್ದು ಕೊನೆಯದೊಂದೇ, ಮಣ್ಣು. ಅಜ್ಜಿಯ ಮಾತಿಗೂ ಮೈದುನನ ಮಾತಿಗೂ ತಾಳೆಯಾಯಿತಲ್ಲ ಎಂದು ಸಂತೋಷಪಟ್ಟೆ.

ಆ ಎರೆಮಣ್ಣಿನ ಜೋಳ ಮಿಕ್ಕೆರಡಕ್ಕಿಂತ ಬಡವಾಗಿತ್ತು, ಹಳದಿ ತಿರುಗಿತ್ತು. ದಿನವೂ ತುಳಸಿಗೆ ನೀರೆರೆದು ಮಿಕ್ಕಿದ್ದನ್ನು ನಾನು ಅದಕ್ಕೆ ಹಾಕುತ್ತಿದ್ದೆ. ಸೊಸೆ ಒಂದು ದಿನ ಮೆಲ್ಲಗೆ, "ಅದಕ್ಕ ಅಷ್ಟು ನೀರು ಬ್ಯಾಡರಿ ಅತ್ತಿ. ನಮ್ಮ ಎರಿಯೊಳಗ ಒಂದು ಮಳಿ ಬಿದ್ರ ಸುಗ್ಗಿತನಕಾ ಸಾಕಾಗ್ತದ" ಎಂದಳು. "ಗಿಡಕ್ಕೆ ನೀರು ಬೇಡ ಅನ್ನೋರು ಉಂಟೇನೇ?" ಎಂದು ಇನ್ನೊಂದು ಚೊಂಬು ಸುರಿದೆ.

ಮಾರನೆಯ ಬೆಳಿಗ್ಗೆ ಸ್ನಾನ ಮಾಡಿ, ಮಡಿ ಉಟ್ಟು, ಆ ಕುಂಡದಿಂದ ಒಂದು ಹಿಡಿ ಮಣ್ಣು ತೆಗೆದೆ. ಅಜ್ಜಿ ಹೇಳಿದ್ದು ಚಿಟಿಕೆ. ದಿನ ಕಡಿಮೆ, ಕಷ್ಟ ಹೆಚ್ಚು ಎಂದು ನಾನು ಹಿಡಿ ತೆಗೆದೆ. ತಾಮ್ರದ ಚೊಂಬಿನ ನೀರಿಗೆ ಕದಡಿ, ತುಳಸೀದಳ ಹಾಕಿ, ದೇವರ ಮುಂದೆ ಇಟ್ಟೆ. ತಿಳಿಯಾದದ್ದನ್ನು ಮಡಿಬಟ್ಟೆಯಲ್ಲಿ ಸೋಸಿದೆ. ಕಾಯಿಸಲಿಲ್ಲ. ದೇವರ ಮುಂದಿಟ್ಟ ನೀರನ್ನು ಒಲೆಯ ಮೇಲಿಡುವುದುಂಟೇ?

"ಇದೇನರಿ ಅತ್ತಿ?" ಎಂದಳು.

"ತೀರ್ಥ. ಕಣ್ಣಿಗೊತ್ತಿಕೊಂಡು ಕುಡಿ."

ಕಣ್ಣಿಗೊತ್ತಿಕೊಂಡು ಕುಡಿದಳು. ಹಾಗೆ ಮೂರು ಬೆಳಿಗ್ಗೆ.

ನಾಲ್ಕನೆಯ ದಿನ ಮೈ ಸುಡುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ವಾಂತಿ, ಭೇದಿ. ಸಂಜೆಗೆ ಹಿತ್ತಿಲಿಗೆ ಎದ್ದು ಹೋಗಲೂ ಆಗದೆ ಗೋಡೆ ಹಿಡಿದು ಕೂತುಬಿಟ್ಟಳು. ದಾಳಿಂಬೆ ಸಿಪ್ಪೆಯ ಕಷಾಯ ಕೊಟ್ಟೆ, ನಿಲ್ಲಲಿಲ್ಲ. ನನ್ನ ಮಗ ಹೊರಗಿನಿಂದ ಬಂದವನು ಕೋಟು ಬಿಚ್ಚದೆ ಅವಳ ಹಾಸಿಗೆಯ ಕಾಲ್ದೆಸೆಯಲ್ಲಿ ನಿಂತ. ಹಿರಿಯರೆದುರು ಹೆಂಡತಿಯ ಹತ್ತಿರ ಕೂರುವ ಹಾಗಿಲ್ಲವಲ್ಲ, ಸುಮ್ಮನೆ ನಿಂತೇ ಇದ್ದ. ನಾನು ಆಗಲೂ, ಹಳೇ ನೀರು ಹೊರಗೆ ಹೋಗುತ್ತಿದೆ, ಹೊಸದು ಒಗ್ಗುವ ಮುಂಚೆ ಹೀಗಾಗುತ್ತದೆ ಎಂದೇ ಸಮಾಧಾನ ಹೇಳಿಕೊಂಡೆ. ಮಾರನೆಯ ಬೆಳಿಗ್ಗೆಯದನ್ನೂ ಕೊಡುವವಳೇ ಇದ್ದೆ.

ಬೆಳಿಗ್ಗೆ ಮೈದುನ ಜಗಲಿಯಿಂದ ಕೂಗಿದ. "ಅತ್ತಿಗೆ, ಎರೆಮಣ್ಣಿನ ಕುಂಡ ಯಾರೋ ಕೆದಕಿದಾರಲ್ಲ. ಹೆಗ್ಗಣವೋ ಏನೋ! ಬೇರೆಲ್ಲ ಮೇಲೆ ಬಂದಿದೆ."

ನಾನು ಕೈಯಲ್ಲಿ ತಾಮ್ರದ ಚೊಂಬು ಹಿಡಿದೇ ಹೊರಗೆ ಬಂದೆ. "ಹೆಗ್ಗಣ ಅಲ್ಲಪ್ಪ, ನಾನೇ" ಎಂದು ಎಲ್ಲ ಹೇಳಿದೆ. ನಾನು ಹೇಳುತ್ತ ಹೋದ ಹಾಗೆ ಅವನ ಮುಖ ಬಿಳಿಚಿಕೊಂಡಿತು.

"ಅದಕ್ಕೆ ಹಸೀ ಸಗಣಿ ಕಲಸಿದ್ದೆ ಅತ್ತಿಗೆ. ಗಿಡ ಏಳ್ತಿಲ್ಲ ಅಂತ ಹೋದ ವಾರ ಕೊಟ್ಟಿಗೆ ಬಗ್ಗಡವನ್ನೂ ಹುಯ್ದಿದ್ದೆ. ಆ ನೀರನ್ನ ಕುಡಿಸಿದಿರಾ? ಕಾಯಿಸದೆ?"

"ಅವಳೂರಿನ ಮಣ್ಣು ಅಂತ..."

"ಅವಳೂರಿಂದಲ್ಲ! ಆ ಮೇಷ್ಟ್ರು ಚಿತ್ರದುರ್ಗದ ಆಚೆ ರಸ್ತೆ ಪಕ್ಕದಲ್ಲಿ ತುಂಬ್ಕೊಂಡು ಬಂದದ್ದು." ಅವನು ಚಪ್ಪಲಿ ಮೆಟ್ಟದೆ ಡಾಕ್ಟರನ್ನು ಕರೆತರಲು ಓಡಿದ.

ನಾನು ಜಗಲಿಯ ಕಂಬಕ್ಕೆ ಒರಗಿದೆ. ಸಗಣಿ ನಮಗೆ ಮೈಲಿಗೆಯಲ್ಲ. ಅದರಲ್ಲಿ ನೆಲ ಸಾರಿಸುತ್ತೇವೆ, ಪಂಚಗವ್ಯಕ್ಕೂ ಹಾಕುತ್ತೇವೆ. ಆದರೆ ಡಾಕ್ಟರು ಬಂದು ಹುಡುಗಿಯ ಹೊಟ್ಟೆ ಮುಟ್ಟಿ ನೋಡಿ, "ಎರಡು ದಿನ ಕಳೀಲಿ, ಆಮೇಲೆ ಹೇಳ್ತೀನಿ" ಎಂದಾಗ, ಮಡಿಯಾದದ್ದೆಲ್ಲ ಕುಡಿಯುವಂಥದ್ದಲ್ಲ ಎಂದು ನನ್ನ ತಲೆಗೆ ಇಳಿಯಿತು. ಕಾಯಿಸಿ ಆರಿಸಿದ ನೀರು, ಚೂರು ಉಪ್ಪು ಹಾಕಿದ ಗಂಜಿತಿಳಿ, ಇಷ್ಟೇ ಕೊಡಿ ಎಂದರು. ಚಮಚೆ ಚಮಚೆಯಾಗಿ ಕೊಟ್ಟೆ. ನಾನು ದೇವರನ್ನು ಕೇಳಲೂ ಹೆದರಿದೆ. ಅವನ ತೀರ್ಥವೆಂದು ಹೆಸರು ಹೇಳಿ ಕೊಟ್ಟವಳು ಯಾವ ಬಾಯಿಂದ ಕೇಳುವುದು? ಉಪಕಾರಗಳ ಲೆಕ್ಕ ಮಾತ್ರ ಹಾಕುತ್ತಿದ್ದೆ. ಬೆಳಿಗ್ಗೆ ಎರಡು ಚಮಚೆ ಗಂಜಿ ನಿಂತಿತು, ಅದೊಂದು. ಮಧ್ಯಾಹ್ನ ಮಳೆ ಬಿಟ್ಟಿತು, ಅದೊಂದು. ಕಣ್ಣು ಬಿಟ್ಟು ನನ್ನನ್ನು ಗುರುತು ಹಿಡಿದಳು. ಅದನ್ನು ಉಪಕಾರವೆನ್ನಲೋ ಬೇಡವೋ ತಿಳಿಯಲಿಲ್ಲ. ಗುರುತು ಹಿಡಿದು ಅತ್ತ ತಿರುಗಿಕೊಂಡಳು.

ಬುಧವಾರ ಜ್ವರ ಇಳಿಯಿತು. ಡಾಕ್ಟರು ತಲೆಯಾಡಿಸಿ, "ಗಟ್ಟಿ ಜೀವ" ಎಂದರು.

ಗುರುವಾರ ಬೀಗರು ಬಂದರು. ಎತ್ತರದ ಆಳು, ದೊಡ್ಡ ರುಮಾಲು, ಕೈಯಲ್ಲಿ ಜೋಳದ ಹಿಟ್ಟಿನ ಗಂಟು. ಕಾಲು ತೊಳೆದುಕೊಂಡು ನೇರ ಮಗಳ ಕೋಣೆಗೆ ಹೋದರು. ಹೊರಗೆ ಬಂದಾಗ ರುಮಾಲು ತೆಗೆದು ಕೈಯಲ್ಲಿ ಹಿಡಿದಿದ್ದರು.

"ಹಾಸಿಗಿ ಹಿಡಿಯುವಷ್ಟು ನೀರು ಒಗ್ಗಲಿಲ್ಲೇನ್ರಿ?" ಎಂದರು ಯಜಮಾನರಿಗೆ.

ಯಜಮಾನರು ನನ್ನ ಕಡೆ ನೋಡಿದರು. ಮೈದುನನೂ ನೋಡಿದ. ಬೀಗರೇ ಮಾತನ್ನು ಕೈಗೆ ಕೊಟ್ಟಿದ್ದರು. ಹೌದು ಎಂದಿದ್ದರೆ ಮುಗಿಯುತ್ತಿತ್ತು. ನೀರು ಒಗ್ಗಲಿಲ್ಲವೆಂದರೆ ಯಾರದೂ ತಪ್ಪಲ್ಲ. ಆದರೆ ಹುಡುಗಿ ಆ ಹೆಸರನ್ನು ಹೊತ್ತುಕೊಂಡು ಊರಿಗೆ ಹೋಗಬೇಕು. ಒಗ್ಗದವಳು ಅವಳೇ ಎಂದಾಗುತ್ತದೆ. ನನಗೆ ಚಾಮರಾಜಪೇಟೆಯ ಆ ಹುಡುಗಿ ನೆನಪಾದಳು. ಅವಳಿಗೆ ನಿಜವಾಗಿ ಏನಾಗಿತ್ತೋ ಯಾರು ಕೇಳಿದ್ದರು?

ಬಾಗಿಲ ಹಿಂದೆ ನಿಂತು ಬೀಗರ ಜೊತೆ ಮಾತಾಡುವುದು ನಮ್ಮಲ್ಲಿ ರೂಢಿ. ನಾನು ಬಾಗಿಲು ದಾಟಿ ಮುಂದೆ ಬಂದು ನಿಂತೆ.

"ನೀರಿನ ತಪ್ಪಲ್ಲ ಬೀಗರೇ. ನಿಮ್ಮ ಮಗಳದ್ದೂ ಅಲ್ಲ. ನಾನು ಮಣ್ಣು ಕದಡಿದ ನೀರು ಕುಡಿಸಿದೆ. ಗೊಬ್ಬರದ ಮಣ್ಣು. ನಿಮ್ಮೂರಿನ ಮಣ್ಣು ಅಂದ್ಕೊಂಡು, ತೀರ್ಥ ಅಂತ ಹೇಳಿ ಕುಡಿಸಿದೆ. ನೀವು ಬರೋದ್ರೊಳಗೆ ಅವಳು ಚೆನ್ನಾಗಿ ಕಾಣ್ಲಿ ಅಂತ."

ಯಜಮಾನರು ಉಸಿರೆಳೆದುಕೊಂಡದ್ದು ಕೇಳಿಸಿತು. ಬೀಗರು ಬಹಳ ಹೊತ್ತು ರುಮಾಲಿನ ಮಡಿಕೆ ಸರಿಮಾಡಿದರು.

"ನಮ್ಮೂರ ಮಣ್ಣು ನಮ್ಮೂರಾಗೂ ಯಾರೂ ಕುಡಿಯಂಗಿಲ್ರಿ ಅವ್ವಾರ" ಎಂದರು ಕೊನೆಗೆ.

ಅದರಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಹಗುರಾಗುತ್ತಿತ್ತು.

ಮೈದುನ ನನ್ನ ರಕ್ಷಣೆಗೆ ಬರಲು ನೋಡಿದ. "ತಪ್ಪು ನನ್ನದೂ ಇದೆ ಬೀಗರೇ. ಮಣ್ಣು ಮಣ್ಣು ಅಂತ ಕುಂಡ ತೋರಿಸಿದವನು ನಾನು. ಆ ಜೋಳಾನೂ ಬೆಳೀಲಿಲ್ಲ ನೋಡಿ. ಎರೆ ತಂದಿಟ್ಟೆ, ಬೀಜ ತಂದೆ. ಅಲ್ಲಿಯ ಬಿಸಿಲು ತರೋಕಾಗ್ಲಿಲ್ಲ, ಅಲ್ಲಿಯ ಒಣಗಾಳಿ ತರೋಕಾಗ್ಲಿಲ್ಲ. ಮೇಲೆ ದಿನಾ ನೀರು."

"ಎರಿಗೆ ದಿನಾ ನೀರೇ?" ಎಂದು ಬೀಗರು ಮೊದಲ ಸಲ ದನಿ ಏರಿಸಿದರು. "ಬೇರು ಕೊಳೀತಾವಲ್ರೀ! ನನ್ನ ಮಗಳು ಹೇಳಲಿಲ್ಲೇನು?"

"ಹೇಳಿದಳು" ಎಂದೆ. "ನಾನು ಕೇಳಲಿಲ್ಲ."

ಒಳಗಿನಿಂದ ಸಣ್ಣಗೆ ಕೆಮ್ಮು ಕೇಳಿಸಿತು. ಅವಳು ಎಚ್ಚರವಾಗಿಯೇ ಇದ್ದಳು.

ಮೂರು ದಿನ ಬೀಗರು ಉಳಿದರು. ಅವರು ತಂದ ಹಿಟ್ಟಿನಲ್ಲಿ ತೆಳ್ಳಗೆ ಅಂಬಲಿ ಕಾಯಿಸಿ ಕೊಟ್ಟೆ. ಕುದಿಸಿದ್ದನ್ನು ಅವರಿಗೂ ತೋರಿಸಿದೆ. ಅದು ಅವಳಿಗೆ ನಿಂತಿತು. ಭಾನುವಾರ ರೈಲು. ಹೊರಡುವ ಮುಂಚೆ ಅವಳ ಅಪ್ಪ, ಸಭೆಯಲ್ಲಿ ಕೇಳುವ ಹಾಗೆ ಎಲ್ಲರೆದುರು, "ಏನವ್ವಾ, ತಿರುಗಿ ಬರ್ತೀಯೇನು ಈ ಮನಿಗೆ?" ಎಂದರು. ಹೆಣ್ಣುಮಗಳನ್ನು ಹಾಗೆ ಕೇಳಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ನನ್ನ ಮಗ ಗೋಡೆ ನೋಡುತ್ತಿದ್ದ, ಕಿವಿ ಕೆಂಪಾಗಿತ್ತು.

ಅವಳು ಶಾಲು ಎಳೆದುಕೊಂಡು, "ಈಗ ಹೋಗ್ತೀನಿ ಅಪ್ಪಾ. ಇಲ್ಲೂ ಬಿಸಲು ಬರ್ತದಲ್ಲ, ಆವಾಗ ಬರ್ತೀನಿ" ಎಂದಳು. ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ನಾನು ಕುಂಕುಮ ಇಟ್ಟೆ. ಅದು ಹುಬ್ಬಿನವರೆಗೂ ಹರಡಿತು.

ಬಂದಳು, ಯುಗಾದಿ ಕಳೆದ ಮೇಲೆ. ಈಗ ಮೂರು ಮಕ್ಕಳ ತಾಯಿ. ಪ್ರತಿ ಕಾರ್ತಿಕಕ್ಕೆ ತವರಿಗೆ ಕಳಿಸಿಕೊಟ್ಟೆವು. ನೆಂಟರು ಏನೇನೋ ಅಂದರು, ಅಂದುಕೊಳ್ಳಲಿ ಎಂದು ಯಜಮಾನರೇ ರೈಲು ಹತ್ತಿಸಿ ಬರುತ್ತಿದ್ದರು. ನನ್ನ ಮೇಲೆ ಅವಳಿಗೆ ಸಿಟ್ಟಿಲ್ಲ, ನಿಜಕ್ಕೂ ಇಲ್ಲ. ಆದರೆ ನನ್ನ ಕೈಯಿಂದ ಲೋಟ ತೆಗೆದುಕೊಂಡರೆ ಒಮ್ಮೆ ಒಳಗೆ ನೋಡಿಯೇ ಕುಡಿಯುತ್ತಾಳೆ. ಅದು ಅವಳಿಗೆ ಗೊತ್ತಿಲ್ಲ. ನಾನೂ ಹೇಳಿಲ್ಲ. ದೇವರು ಅವಳನ್ನು ಉಳಿಸಿಕೊಟ್ಟ. ಇಷ್ಟನ್ನು ನನಗೆಂದು ಇಟ್ಟ.

ಆ ಭಾನುವಾರ ಇದೊಂದೂ ಗೊತ್ತಿರಲಿಲ್ಲ. ಬರುತ್ತಾಳೆಂದು ನಾನು ನಂಬಿರಲಿಲ್ಲ. ಗಾಡಿ ರಸ್ತೆ ತಿರುಗುವವರೆಗೆ ಗೇಟಿನಲ್ಲಿ ನಿಂತೆ. ಮಗ ಗಾಡಿಯ ಹಿಂದೆ ಸ್ವಲ್ಪ ದೂರ ನಡೆದು ಹೋಗಿ, ಮಧ್ಯದಲ್ಲಿ ನಿಂತುಬಿಟ್ಟ. ಮಳೆ ಮತ್ತೆ ಹನಿಯತೊಡಗಿತು. ಒಳಗೆ ಬಂದೆ. ಹಿಂದಿನ ದಿನ ನೆನೆಹಾಕಿದ್ದ ಅವರೆಕಾಳು ಉಬ್ಬಿ ಸಿಪ್ಪೆ ಬಿರಿಯುತ್ತಿತ್ತು. ಇನ್ನು ಬಿಟ್ಟರೆ ಹುಳಿ ವಾಸನೆ ಬರುತ್ತದೆ. ಬೋಗುಣಿ ಮುಂದಿಟ್ಟುಕೊಂಡು ಕೂತು ಒಂದೊಂದೇ ಹಿಸುಕತೊಡಗಿದೆ.